ಹಿಂಡಿನ ಆಡಿಗೆ ಹಿಂಡಿನದೇ ರಕ್ಷೆ

ಔರಾದ್ ಕಡೆಯ ಹಳ್ಳಿಗಳಲ್ಲಿ ಸಮವಸ್ತ್ರಕ್ಕೆ, ಪಟ್ಟಿ ಪುಸ್ತಕಕ್ಕೆ ದುಡ್ಡು ಎಲ್ಲಿಂದ ಬಂತೆಂದು ಮಕ್ಕಳನ್ನು ಕೇಳಿ ನೋಡಿ. 'ಹೋತ ಮಾರಿದ್ವಿರಿ ಸರ್' ಎನ್ನುವವರು ಹಲವರು. ಬ್ಯಾಂಕಿನ ಪಾಸ್‌ಬುಕ್ ಇಲ್ಲದ ಮನೆಗೂ ಅಂಗಳದ ನಾಲ್ಕು ಆಡುಗಳೇ ಉಳಿತಾಯ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ವಾರವಾದರೂ ಶಾಲೆಗೆ ಬರಲಿಲ್ಲ. ಮನೆಗೆ ಹೋದೆ. ಐದು ಆಡುಗಳಲ್ಲಿ ಮೂರು ಸತ್ತಿದ್ದವು. ಉಳಿದೆರಡಕ್ಕೆ ಜ್ವರ, ಮೂಗಿನಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು, ಭೇದಿ. 'ಸಂತಿಯಿಂದ ಹೊಸಾದೊಂದು ತಂದು ಕೂಡಿಸಿದ್ವಿರಿ' ಎಂದರು ತಾಯಿ. ಪಶುವೈದ್ಯರು ಬಂದು ನೋಡಿ, ಇದು ಪಿಪಿಆರ್, ಅಂದರೆ ಹಿರೇಬೇನೆ ಎಂದರು.

ಈ ರೋಗಕ್ಕೆ ಕಾರಣ ಒಂದು ವೈರಸ್. 1942ರಲ್ಲಿ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಮೊದಲು ಗುರುತಿಸಲಾಯಿತು. ಭಾರತದಲ್ಲಿ 1987ರಲ್ಲಿ ತಮಿಳುನಾಡಿನಲ್ಲಿ ಕಂಡಿತು. ಮನುಷ್ಯರಿಗೆ ಅಂಟುವುದಿಲ್ಲ. ಆದರೆ ರೋಗದ ಆಡಿನ ಉಸಿರು, ಸಿಂಬಳ, ಹಿಕ್ಕೆಯಿಂದ ಪಕ್ಕದ ಆಡಿಗೆ ಬೇಗ ಹರಡುತ್ತದೆ.

ಇಲ್ಲೇ ನಮ್ಮ ಕಡೆಯ ಕಷ್ಟವಿರುವುದು. ಭಾಲ್ಕಿ, ಔರಾದ್ ಸೀಮೆಯಲ್ಲಿ ಹತ್ತಾರು ಮನೆಗಳ ಆಡುಗಳು ಒಂದೇ ಗಾಯರಾಣದಲ್ಲಿ ಮೇಯುತ್ತವೆ, ಒಂದೇ ಹಳ್ಳದಲ್ಲಿ ನೀರು ಕುಡಿಯುತ್ತವೆ. ಒಬ್ಬರ ಮನೆಯ ಬೇನೆ ಸಂಜೆಯೊಳಗೆ ಊರ ಬೇನೆ. ಹಾಗೆಯೇ ಒಬ್ಬರೇ ಲಸಿಕೆ ಹಾಕಿಸಿದರೆ ಊರು ಉಳಿಯದು. ಬಹುಪಾಲು ಆಡುಗಳಿಗೆ ರೋಗನಿರೋಧಕ ಶಕ್ತಿ ಬಂದಾಗ ವೈರಸ್ಸಿಗೆ ಹರಡಲು ದಾರಿಯೇ ಸಿಗದು. ಇದನ್ನೇ ವಿಜ್ಞಾನದಲ್ಲಿ ಸಮೂಹ ರೋಗನಿರೋಧಕತೆ ಎನ್ನುತ್ತೇವೆ.

ಇದು ಬರೀ ಪಾಠವಲ್ಲ. ಈ ವೈರಸ್ಸಿನ ದಾಯಾದಿಯಾದ ದನಗಳ ದೊಡ್ಡರೋಗವನ್ನು ಲಸಿಕೆಯಿಂದಲೇ 2011ರಲ್ಲಿ ಜಗತ್ತಿನಿಂದ ಅಳಿಸಲಾಯಿತು. ಹಿರೇಬೇನೆಯನ್ನು 2030ರೊಳಗೆ ಅಳಿಸುವುದು ಈಗಿನ ಗುರಿ. ಒಂದು ಲಸಿಕೆ ಸುಮಾರು ಮೂರು ವರ್ಷ ಕಾಯುತ್ತದೆ.

ನಮ್ಮ ಬೀದರಿ ಆಡು ಈಗ ಅಧಿಕೃತವಾಗಿ ನೋಂದಾಯಿತ ತಳಿ. ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಬೀದರಿನಲ್ಲೇ ಇದೆ. ಪಾಲಕರು ಮಾಡಬೇಕಾದ್ದು ಇಷ್ಟೇ: ಲಸಿಕೆಯ ದಿನ ಓಣಿಯವರೆಲ್ಲ ಆಡುಗಳನ್ನು ತರಬೇಕು, ಸಂತೆಯಿಂದ ತಂದ ಆಡನ್ನು ಮೂರು ವಾರ ಬೇರೆ ಕಟ್ಟಬೇಕು, ಬೇನೆ ಬಿದ್ದ ಆಡನ್ನು ಹಿಂಡಿಗೆ ಬಿಡಬಾರದು, ಸಂತೆಗೂ ಒಯ್ಯಬಾರದು. ಲೆಕ್ಕ ಬರೆದಿಡುವ ಕೆಲಸ ಮಕ್ಕಳದ್ದು.

ಆ ಮನೆಯಲ್ಲಿ ಕೊನೆಗೆ ಉಳಿದದ್ದು ಒಂದೇ ಆಡು. ಮರುವರ್ಷ ಅದು ಅವಳಿ ಮರಿ ಹಾಕಿತು. ಶಾಲೆಗೆ ಮರಳಿದ ಹುಡುಗಿಯ ವಿಜ್ಞಾನದ ಪಟ್ಟಿಯ ಕೊನೆಯ ಪುಟದಲ್ಲಿ, ಓಣಿಯ ಅಷ್ಟೂ ಮನೆಗಳ ಆಡುಗಳಿಗೆ ಲಸಿಕೆ ಹಾಕಿಸಿದ ತಾರೀಖುಗಳಿದ್ದವು. ಆ ಪುಟಕ್ಕೂ ನಾನು ರುಜು ಹಾಕಿದೆ.