ಗರ್ಭಧಾರಣೆ ಮತ್ತು ಲಿಂಗನಿರ್ಧಾರ: ಹತ್ತನೆಯ ಇಯತ್ತೆಯ ಪಾಠಕ್ಕೆ ಪೂರಕ ವಿವೇಚನೆ

ಮಾನವ ಪ್ರಜನನದ ಪಾಠವನ್ನು ಅವಸರದಿಂದ ಓದಿಸಿ ಮುಗಿಸುವ ರೂಢಿ ನಮ್ಮ ಶಾಲೆಗಳಲ್ಲಿ ಇಲ್ಲದಿಲ್ಲ. ಸಂಕೋಚವು ಸಹಜವೇ. ಆದರೆ ಹಾತಕಣಂಗಲೆ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಶಿಕ್ಷಕರು ಈ ಪಾಠದಲ್ಲಿ ಬರುವ ಲಿಂಗನಿರ್ಧಾರದ ಅಂಶವನ್ನು ಮೇಲೆಮೇಲೆ ಹೇಳಿ ಬಿಡುವಂತಿಲ್ಲ. 2001ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯ ಆರು ವರ್ಷದವರೆಗಿನ ಮಕ್ಕಳಲ್ಲಿ 1000 ಗಂಡುಮಕ್ಕಳಿಗೆ 839 ಹೆಣ್ಣುಮಕ್ಕಳು ಮಾತ್ರ ಇದ್ದರು. ಅದೇ ಗಣತಿಯಲ್ಲಿ ಮಹಾರಾಷ್ಟ್ರದ ಪ್ರಮಾಣ 913. ಮಾನವರಲ್ಲಿ ಸುಮಾರು 105 ಗಂಡುಶಿಶುಗಳಿಗೆ 100 ಹೆಣ್ಣುಶಿಶುಗಳು ಜನಿಸುವುದು ನಿಸರ್ಗದ ಕ್ರಮ. ಸಾವಿರಕ್ಕೆ ಲೆಕ್ಕ ಹಾಕಿದರೆ 950ರ ಆಸುಪಾಸು. ಹಾಗಾದರೆ 839 ಎಂಬ ಸಂಖ್ಯೆಯನ್ನು ನಿಸರ್ಗದ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ಕಬ್ಬು, ಹಾಲು, ಮಗ್ಗಗಳಿಂದ ಸಂಪನ್ನವಾದ, ರಾಜರ್ಷಿ ಶಾಹೂ ಮಹಾರಾಜರು ನೂರು ವರ್ಷಗಳ ಹಿಂದೆಯೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ ನಾಡಿನ ಸಂಖ್ಯೆಯಿದು.

ಮೊದಲು ಘಟನಾಕ್ರಮವನ್ನು ಸ್ಪಷ್ಟಪಡಿಸಿಕೊಳ್ಳೋಣ. 28 ದಿನಗಳ ಋತುಚಕ್ರದಲ್ಲಿ 14ನೆಯ ದಿನದ ಸುಮಾರಿಗೆ ಅಂಡಾಶಯದಿಂದ ಒಂದು ಅಂಡಾಣು ಬಿಡುಗಡೆಯಾಗಿ ಅಂಡನಾಳವನ್ನು ಸೇರುತ್ತದೆ. ಅದರ ಆಯುಷ್ಯ ಹೆಚ್ಚೆಂದರೆ ಒಂದು ದಿನ. ಕೋಟಿಗಟ್ಟಲೆ ವೀರ್ಯಾಣುಗಳು ಹೊರಟರೂ ಅಂಡನಾಳದವರೆಗೆ ತಲುಪುವವು ಕೆಲವು ನೂರು ಮಾತ್ರ. ಅವುಗಳಲ್ಲಿ ಒಂದು ಒಳಹೊಕ್ಕೊಡನೆ ಅಂಡಾಣುವಿನ ಹೊದಿಕೆಯು ಗಡುಸಾಗಿ ಉಳಿದವುಗಳನ್ನು ತಡೆಯುತ್ತದೆ. ಫಲೀಕರಣವು ಗರ್ಭಾಶಯದಲ್ಲಿ ನಡೆಯುತ್ತದೆಂದು ಉತ್ತರ ಬರೆಯುವ ವಿದ್ಯಾರ್ಥಿಗಳು ಬಹಳ. ಆದ್ದರಿಂದ ಆಕೃತಿಯಲ್ಲಿ ಅಂಡನಾಳದ ಅಗಲವಾದ ಭಾಗದ ಮೇಲೆ ಬೆರಳಿಟ್ಟು ತೋರಿಸತಕ್ಕದ್ದು.

ಅಂಡಾಣುವಿನಲ್ಲಿ 23, ವೀರ್ಯಾಣುವಿನಲ್ಲಿ 23 ವರ್ಣತಂತುಗಳು; ಮರಾಠಿಯಲ್ಲಿ ಇವಕ್ಕೇ ಗುಣಸೂತ್ರಗಳೆಂಬ ಹೆಸರು. ಎರಡೂ ಕೂಡಿ 46 ಆದಾಗ ಯುಗ್ಮಜವು ಉಂಟಾಗುತ್ತದೆ. ತಾಯಿಯ ಲಿಂಗವರ್ಣತಂತುಗಳೆರಡೂ ಎಕ್ಸ್ ಆಗಿರುವುದರಿಂದ ಪ್ರತಿಯೊಂದು ಅಂಡಾಣುವಿನಲ್ಲಿಯೂ ಎಕ್ಸ್ ಇರುತ್ತದೆ. ತಂದೆಯಲ್ಲಿ ಒಂದು ಎಕ್ಸ್, ಒಂದು ವೈ. ಹೀಗಾಗಿ ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ಎಕ್ಸ್, ಇನ್ನರ್ಧ ವೈ ಹೊತ್ತಿರುತ್ತವೆ. ಎಕ್ಸ್ ಹೊತ್ತ ವೀರ್ಯಾಣು ಕೂಡಿದರೆ ಹೆಣ್ಣು, ವೈ ಹೊತ್ತದ್ದು ಕೂಡಿದರೆ ಗಂಡು. ಈ ತಿಳಿವಳಿಕೆಗೆ ಬಹಳ ವಯಸ್ಸಾಗಿಲ್ಲ. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೇರಿಕೆಯ ವಿಜ್ಞಾನಿ ಹಿಟ್ಟಿನ ಹುಳುಗಳ ವೀರ್ಯಾಣುಗಳನ್ನು ಪರೀಕ್ಷಿಸಿ ಲಿಂಗನಿರ್ಧಾರವು ವರ್ಣತಂತುಗಳಿಂದ ಆಗುವುದೆಂದು ತೋರಿಸಿದರು. ಆ ವಿಜ್ಞಾನಿ ಮಹಿಳೆಯೆಂಬುದನ್ನು ವರ್ಗದಲ್ಲಿ ಹೇಳುವುದು ಲೇಸು.

ಇಚಲಕರಂಜಿಯ ಸುತ್ತಲಿನ ಮಕ್ಕಳಿಗೆ ನೂಲು ಹೊಸದಲ್ಲ, ಅದನ್ನೇ ಸಾಧನವಾಗಿಸಬಹುದು. ತಾಯಿಯ ಚೀಲದಲ್ಲಿ ಎರಡು ಕೆಂಪು ದಾರದ ತುಂಡುಗಳು, ತಂದೆಯ ಚೀಲದಲ್ಲಿ ಒಂದು ಕೆಂಪು, ಒಂದು ಬಿಳಿ. ಕಣ್ಣು ಮುಚ್ಚಿ ಪ್ರತಿ ಚೀಲದಿಂದ ಒಂದೊಂದು ತುಂಡನ್ನು ಎತ್ತಿಸಿ, ಫಲಿತವನ್ನು ಫಲಕದ ಮೇಲೆ ಬರೆದು, ತುಂಡುಗಳನ್ನು ಮರಳಿ ಹಾಕಿಸಬೇಕು. ನಲವತ್ತು ಸಲವಾದರೂ ಮಾಡಿಸಬೇಕು. ಹತ್ತು ಸಲಕ್ಕೆ ನಿಲ್ಲಿಸಿದರೆ ಅರ್ಧರ್ಧದ ಸಮೀಪ ಬಾರದೆ ಮಕ್ಕಳು ಗೊಂದಲಗೊಳ್ಳುವ ಸಂಭವವುಂಟು. ನಡುವೆ ಕೆಂಪು-ಕೆಂಪು ಜೋಡಿ ಮೂರು ಸಲ ಸಾಲಾಗಿ ಬಂದಾಗ ಆಟವನ್ನು ತಡೆದು, ಮುಂದಿನ ಸಲ ಬಿಳಿ ಬರಲೇಬೇಕೇ ಎಂದು ಕೇಳಿರಿ. ಚೀಲಕ್ಕೆ ಹಿಂದಿನದರ ನೆನಪಿಲ್ಲ. ಮೂರು ಹೆಣ್ಣುಮಕ್ಕಳ ನಂತರದ ಗರ್ಭಕ್ಕೂ ಇಲ್ಲ. ತಾಯಿಯ ಚೀಲದಿಂದ ಬಿಳಿ ದಾರ ಎಂದಿಗೂ ಬಾರದೆಂಬುದನ್ನು ಮಕ್ಕಳೇ ಕಂಡು ಹೇಳುವರು. ಆದರೆ ಇಷ್ಟಕ್ಕೆ ನಿಲ್ಲಿಸಬಾರದು. ತಂದೆಯೂ ಕಣ್ಣು ಮುಚ್ಚಿಯೇ ದಾರವನ್ನೆತ್ತಿದವನು. ಸೊಸೆಯ ಮೇಲಿದ್ದ ದೂರನ್ನು ಇಳಿಸಿ ಮಗನ ಮೇಲೆ ಹೊರಿಸುವುದು ಈ ಪಾಠದ ಉದ್ದೇಶವಲ್ಲ.

ಮುಂದಿನ ಬೆಳವಣಿಗೆಯು ತ್ವರಿತವಾದುದು. ಯುಗ್ಮಜವು ವಿಭಜನೆ ಹೊಂದುತ್ತಲೇ ಅಂಡನಾಳದಲ್ಲಿ ಸಾಗಿ ಸುಮಾರು ಒಂದು ವಾರಕ್ಕೆ ಗರ್ಭಾಶಯದ ಒಳಪದರಿನಲ್ಲಿ ನೆಲೆಯೂರುತ್ತದೆ. ನಾಲ್ಕನೆಯ ವಾರದ ಆರಂಭದಲ್ಲಿ ಹೃದಯ ಮಿಡಿಯತೊಡಗುತ್ತದೆ. ಅದೇ ವಾರ ಮುಗಿಯುವುದರೊಳಗೆ ಮಿದುಳು ಮತ್ತು ಬೆನ್ನುಹುರಿಗಳ ಮೂಲವಾದ ನರನಾಳವು ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯರೆಂಬುದು ಆಗಿನ್ನೂ ಖಚಿತವಾಗಿರುವುದಿಲ್ಲ. ನರನಾಳಕ್ಕೆ ಅವಶ್ಯವಾದ ಫೋಲಿಕ್ ಆಮ್ಲವು ಗರ್ಭಧಾರಣೆಗೆ ಮೊದಲೇ ಶರೀರದಲ್ಲಿರಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ ಕಬ್ಬಿಣಾಂಶದೊಡನೆ ಇರುವುದು ಇದೇ ಆಮ್ಲ.

ಆರನೆಯ ವಾರದವರೆಗೆ ಗಂಡು, ಹೆಣ್ಣು ಭ್ರೂಣಗಳ ಜನನಗ್ರಂಥಿಗಳು ನೋಡಲು ಒಂದೇ ತೆರನಾಗಿರುತ್ತವೆ. ವೈ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯು ಕಾರ್ಯಪ್ರವೃತ್ತವಾದರೆ ಏಳನೆಯ ವಾರದಿಂದ ಅವು ವೃಷಣಗಳಾಗತೊಡಗುತ್ತವೆ. ಆ ವಂಶವಾಹಿ ಇಲ್ಲದಿದ್ದಲ್ಲಿ ಅಂಡಾಶಯಗಳಾಗುತ್ತವೆ. ಎಂಟು ವಾರಗಳಿಗೆ ಮುಖ್ಯ ಅವಯವಗಳ ರೂಪರೇಷೆ ಸಿದ್ಧವಾಗಿರುತ್ತದೆ. ಆಮೇಲಿನ ತಿಂಗಳುಗಳು ವೃದ್ಧಿಯ ಕಾಲ. ಫಲೀಕರಣದಿಂದ ಸುಮಾರು 266 ದಿನಗಳಿಗೆ ಪ್ರಸವ.

ನಮ್ಮಲ್ಲಿ ಕುಬಸ, ಮರಾಠಿ ಮನೆಗಳಲ್ಲಿ ಡೋಹಾಳೆ ಜೇವಣ. ಅಲ್ಲಿ ಮುಚ್ಚಿದ ಎರಡು ಬಟ್ಟಲುಗಳಲ್ಲಿ ಒಂದನ್ನು ಗರ್ಭಿಣಿಯಿಂದ ತೆಗೆಸುವ ಆಟವಿದೆ: ಪೇಢೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು. ಆಟವನ್ನು ನಿಂದಿಸುವ ಕಾರಣವಿಲ್ಲ. ಬಟ್ಟಲು ತೆಗೆಯುವ ಎಷ್ಟೋ ತಿಂಗಳ ಹಿಂದೆ ಅಂಡನಾಳದಲ್ಲಿಯೇ ನಿರ್ಣಯವಾಗಿ ಹೋಗಿದೆಯೆಂದು ಹೇಳಿದರೆ ಸಾಕು. ಔಷಧ, ಹರಕೆ, ಪಥ್ಯಗಳಿಂದ ಗರ್ಭದ ಲಿಂಗವನ್ನು ಬದಲಿಸುವೆವೆನ್ನುವವರಿಗೂ ಇದೇ ಉತ್ತರ.

ಯಂತ್ರದಿಂದ ಲಿಂಗವನ್ನು ತಿಳಿಯುವುದು ಮಾತ್ರ ಆಟವಲ್ಲ, ಅಪರಾಧ. ಇದನ್ನು ತಡೆಯುವ ಕಾಯದೆಯನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ಮಹಾರಾಷ್ಟ್ರ, 1988ರಲ್ಲಿ. ಕೇಂದ್ರದ ಕಾಯದೆ ಬಂದದ್ದು 1994ರಲ್ಲಿ. ಕೊಲ್ಹಾಪುರದ ಜಿಲ್ಲಾಧಿಕಾರಿಯಾಗಿದ್ದ ಮರಾಠಿ ಲೇಖಕ ಲಕ್ಷ್ಮೀಕಾಂತ ದೇಶಮುಖರು ಸೋನೋಗ್ರಾಫಿ ಯಂತ್ರಗಳಿಗೆ ‘ಸೈಲೆಂಟ್ ಆಬ್ಸರ್ವರ್’ ಎಂಬ ದಾಖಲೆಯ ಉಪಕರಣವನ್ನು ಜೋಡಿಸಿ, ಪ್ರತಿ ತಪಾಸಣೆಯ ಗುರುತು ಉಳಿಯುವಂತೆ ಮಾಡಿದರು. 2011ರ ಗಣತಿಯಲ್ಲಿ ಜಿಲ್ಲೆಯ ಸಂಖ್ಯೆ 863. ಏರಿದ್ದು ನಿಜ, ಆದರೆ 950 ಇನ್ನೂ ದೂರ. ಈ ಸಂಖ್ಯೆಗಳನ್ನು ವಿದ್ಯಾರ್ಥಿಗಳಿಂದ ಸ್ತಂಭಾಲೇಖದಲ್ಲಿ ಬರೆಯಿಸಬಹುದು. ಯಾವ ಮಗುವಿನ ಮನೆಯ ವಿಷಯವನ್ನೂ ಉದಾಹರಣೆಯಾಗಿ ಕೇಳಬಾರದು.

ಅವಳಿಗಳ ಪ್ರಶ್ನೆ ತಪ್ಪದೆ ಬರುತ್ತದೆ. ಒಂದೇ ಯುಗ್ಮಜವು ಎರಡಾಗಿ ಬೆಳೆದರೆ ಸಾಮಾನ್ಯವಾಗಿ ಇಬ್ಬರೂ ಒಂದೇ ಲಿಂಗದವರು. ಎರಡು ಅಂಡಾಣುಗಳು ಬಿಡುಗಡೆಯಾಗಿ ಎರಡು ಬೇರೆ ವೀರ್ಯಾಣುಗಳೊಡನೆ ಕೂಡಿದರೆ ಚೀಲದಿಂದ ಎರಡು ಸಲ ದಾರ ಎತ್ತಿದಂತೆ: ಒಂದು ಗಂಡು, ಒಂದು ಹೆಣ್ಣು ಆಗಬಹುದು, ಎರಡೂ ಒಂದೇ ಆಗಬಹುದು.