ಕರುಳಿನ ಕೊನೆಯ ಗೇಣು

ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಎಳೆಗೂಸು ಕಕ್ಕ ಮಾಡದೆ ಹೊಟ್ಟೆ ಉಬ್ಬಿಸಿಕೊಂಡು ಅಳತೊಡಗಿದರೆ ಅಜ್ಜಿಯರು ಮೊದಲು ಹುಡುಕುವುದು ವೀಳ್ಯದೆಲೆಯ ತೊಟ್ಟನ್ನು. ಅದನ್ನು ಹರಳೆಣ್ಣೆಯಲ್ಲಿ ಅದ್ದಿ ಮಗುವಿನ ಗುದದೊಳಕ್ಕೆ ಸ್ವಲ್ಪವೇ ತೂರಿಸುತ್ತಾರೆ. ಮಗು ಮುಕ್ಕಿರಿದು ಕಕ್ಕ ಮಾಡುತ್ತದೆ, ಮನೆಯವರು ನಿರಾಳವಾಗುತ್ತಾರೆ. ಹೆಚ್ಚಿನ ಕೂಸುಗಳ ವಿಷಯ ಅಲ್ಲಿಗೆ ಮುಗಿಯಿತು. ಸುಮಾರು 5,000 ಹೆರಿಗೆಗೆ ಒಂದರಂತೆ ಹುಟ್ಟುವ ಕೆಲವು ಮಕ್ಕಳಲ್ಲಿ ಮಾತ್ರ ಹಾಗಾಗುವುದಿಲ್ಲ. ತೊಟ್ಟು ಹೊರಗೆ ತೆಗೆದೊಡನೆ ಗಾಳಿಯೂ ನೀರುಮಲವೂ ಒಮ್ಮೆಲೇ ಚಿಮ್ಮುತ್ತವೆ. ಹೊಟ್ಟೆ ಇಳಿಯುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಮತ್ತೆ ತಮಟೆಯಂತೆ ಬಿಗಿಯುತ್ತದೆ.

ಮಕ್ಕಳ ಶಸ್ತ್ರಚಿಕಿತ್ಸಕರು ಕಿರುಬೆರಳಿಟ್ಟು ಪರೀಕ್ಷಿಸಿದಾಗಲೂ ಹೀಗೇ ಚಿಮ್ಮುತ್ತದೆ. ಅವರ ಪಾಲಿಗೆ ಅದು ರೋಗದ ಗುರುತು. ಹಿರ್ಷ್‌ಸ್ಪ್ರುಂಗ್ ಎಂಬ ಆ ರೋಗದ ಬೇರು ಕರುಳಿನಲ್ಲಿ ಯಾವ ಜಾಗದಲ್ಲಿದೆ ಎಂದು ಖಚಿತವಾಗಲು ವೈದ್ಯಲೋಕಕ್ಕೆ ಅರವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

1886ರಲ್ಲಿ ಬರ್ಲಿನ್‌ನಲ್ಲಿ ಮಕ್ಕಳ ವೈದ್ಯರ ಸಭೆಯೊಂದು ನೆರೆದಿತ್ತು. ಕೋಪನ್‌ಹೇಗನ್‌ನ ಹಾರಾಲ್ಡ್ ಹಿರ್ಷ್‌ಸ್ಪ್ರುಂಗ್ ಅಲ್ಲಿ ಇಬ್ಬರು ಗಂಡುಮಕ್ಕಳ ಕತೆ ಹೇಳಿದರು. ಹುಟ್ಟಿದಂದಿನಿಂದ ಮಲಬದ್ಧತೆ, ಉಬ್ಬಿದ ಹೊಟ್ಟೆ. ಇಬ್ಬರೂ ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರು. ಶವಪರೀಕ್ಷೆಯಲ್ಲಿ ದೊಡ್ಡಕರುಳು ಭಾರಿಯಾಗಿ ಹಿಗ್ಗಿ, ಅದರ ಗೋಡೆ ದಪ್ಪವಾಗಿತ್ತು. ಕೆಳಗಿನ ಗುದನಾಳ ಹಿಗ್ಗಿರಲಿಲ್ಲ, ನೋಡಲು ಸಹಜವಾಗಿಯೇ ಇತ್ತು. ಹಿರ್ಷ್‌ಸ್ಪ್ರುಂಗ್ ಇದನ್ನು ಪ್ರಾಮಾಣಿಕವಾಗಿ ದಾಖಲಿಸಿದರು. ಆದರೆ ಹುಟ್ಟಿನಿಂದಲೇ ಹಿಗ್ಗಿದ ಕರುಳೇ ರೋಗ ಎಂಬ ತೀರ್ಮಾನಕ್ಕೆ ಬಂದರು. ಕಣ್ಣಿಗೆ ರಾಚುವಂತೆ ಕೆಟ್ಟಿದ್ದುದು ಅದೇ ಭಾಗವಾದ್ದರಿಂದ ಆ ಕಾಲದಲ್ಲಿ ಯಾರಾದರೂ ಹಾಗೆಯೇ ಯೋಚಿಸುತ್ತಿದ್ದರು.

ಆ ತೀರ್ಮಾನಕ್ಕೆ ಮಕ್ಕಳು ತೆತ್ತ ಬೆಲೆ ದೊಡ್ಡದು. ಮುಂದಿನ ಆರು ದಶಕ ಸರ್ಜನ್‌ಗಳು ಹಿಗ್ಗಿದ ಕರುಳನ್ನು ಕತ್ತರಿಸಿ ತೆಗೆದರು, ಸಹಜವಾಗಿ ಕಾಣುವ ಕೆಳತುಂಡನ್ನು ಉಳಿಸಿ ಅದಕ್ಕೇ ಹೊಲಿದರು. ಕಾಯಿಲೆ ಮರಳಿತು. ಬೆನ್ನುಮೂಳೆಯ ಪಕ್ಕದ ನರಗಳನ್ನು ಕತ್ತರಿಸುವ ಚಿಕಿತ್ಸೆಯೂ ಕೆಲಕಾಲ ನಡೆಯಿತು. ಅದರಿಂದಲೂ ಗೆಲ್ಲಲಾಗಲಿಲ್ಲ.

ಉತ್ತರ ಅಷ್ಟರಲ್ಲಿ ಅಚ್ಚಾಗಿತ್ತು ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಕರುಳಿನ ಗೋಡೆಯೊಳಗೆ ನರಕೋಶಗಳ ಜಾಲವಿದೆ ಎಂದು 19ನೇ ಶತಮಾನದಲ್ಲೇ ಮೈಸ್ನರ್ ಮತ್ತು ಔಯರ್‌ಬಾಖ್ ತೋರಿಸಿದ್ದರು. ಈ ರೋಗದ ಮಗುವಿನ ಕರುಳಿನಲ್ಲಿ ಆ ಜಾಲ ಸರಿಯಿಲ್ಲ ಎಂದು 1901ರಲ್ಲಿ ಟಿಟ್ಟೆಲ್ ಬರೆದರು. 1920ರಲ್ಲಿ ಇಟಲಿಯ ದಲ್ಲಾ ವಾಲ್ಲೆ ಇಬ್ಬರು ಅಣ್ಣತಮ್ಮಂದಿರಲ್ಲಿ ಅದನ್ನೇ ಕಂಡರು. ಸೂಕ್ಷ್ಮದರ್ಶಕದ ಮುಂದೆ ಕುಳಿತವರ ಬರಹ ಶಸ್ತ್ರಚಿಕಿತ್ಸೆಯ ಕೋಣೆಗೆ ತಲುಪಲಿಲ್ಲ. ಆಗ ಮಕ್ಕಳಿಗೇ ಮೀಸಲಾದ ಶಸ್ತ್ರಚಿಕಿತ್ಸಕರು ಬೆರಳೆಣಿಕೆಯಷ್ಟು. ಅವರೆಲ್ಲ ಒಟ್ಟಿಗೆ ಕೂರುವ ಸಂಘವಾಗಲಿ ಸಮ್ಮೇಳನವಾಗಲಿ ಇರಲಿಲ್ಲ.

ಗಂಟು ಬಿಚ್ಚಿದ್ದು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ, 1940ರ ದಶಕದ ಕೊನೆಗೆ. ಸ್ವೀಡನ್‌ನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದಿದ್ದ ಓರ್ವರ್ ಸ್ವೆನ್ಸನ್ ಅಲ್ಲಿನ ಸರ್ಜನ್. ತೀರಾ ಬಳಲಿದ ಮಕ್ಕಳ ಜೀವ ಉಳಿಸಲು ಹೊಟ್ಟೆಯ ಮೇಲೆ ಮಲಕ್ಕೆ ತಾತ್ಕಾಲಿಕ ದಾರಿ ತೆರೆಯುತ್ತಿದ್ದರು. ಇಂದಿಗೂ ಅದನ್ನು ಕೊಲಾಸ್ಟಮಿ ಎನ್ನುತ್ತೇವೆ. ದಾರಿ ತೆರೆದೊಡನೆ ಮಕ್ಕಳು ಚೇತರಿಸಿಕೊಂಡು ತೂಕ ಹಾಕುತ್ತಿದ್ದರು. ಚೆನ್ನಾಗಿದ್ದಾರೆಂದು ದಾರಿ ಮುಚ್ಚಿದರೆ ಕಾಯಿಲೆ ಮೊದಲಿನಂತೆಯೇ ಮರಳುತ್ತಿತ್ತು. ಹಾಗಾದರೆ ಹಿಗ್ಗಿದ ಕರುಳಿಗೆ ಕೆಲಸ ಮಾಡುವ ಶಕ್ತಿ ಇದೆ, ಅಡ್ಡಿ ಅದರ ಕೆಳಗಿದೆ ಎಂದು ಸ್ವೆನ್ಸನ್ ತರ್ಕಿಸಿದರು.

ತರ್ಕಕ್ಕೆ ಸಾಕ್ಷಿ ಬೇಕಿತ್ತು. ಸಣ್ಣ ಬಲೂನುಗಳನ್ನು ಕರುಳಿನೊಳಗೆ ಇಳಿಸಿ ಅದರ ಚಲನೆಯನ್ನು ದಾಖಲಿಸಿದರು. ಮೇಲಿನ ಹಿಗ್ಗಿದ ಭಾಗದಲ್ಲಿ ಅಲೆಗಳು ಎದ್ದು ಕೆಳಕ್ಕೆ ಬರುತ್ತಿದ್ದವು, ಕೊನೆಯ ತುಂಡಿಗೆ ಬಂದೊಡನೆ ನಿಂತುಬಿಡುತ್ತಿದ್ದವು. ಎಕ್ಸ್‌ರೇ ತಜ್ಞ ಎಡ್ವರ್ಡ್ ನೋಯ್‌ಹೌಸರ್ ಬೇರಿಯಂ ದ್ರವವನ್ನು ಗುದದಿಂದ ಸ್ವಲ್ಪವೇ ಹಾಯಿಸಿ ಚಿತ್ರ ತೆಗೆದರು. ಹೆಚ್ಚು ಸುರಿದರೆ ಹಿಗ್ಗಿದ ಭಾಗ ತುಂಬಿಕೊಂಡು ಎಲ್ಲವನ್ನೂ ಮರೆಮಾಡುತ್ತಿತ್ತು. ಸ್ವಲ್ಪ ಹಾಕಿದ್ದರಿಂದಲೇ ಕೆಳಗಿನ ಕಿರಿದಾದ ತುಂಡು, ಅದು ಥಟ್ಟನೆ ಅಗಲವಾಗುವ ಜಾಗ, ಎರಡೂ ತಿಳಿಯಾಗಿ ಕಂಡವು. ತುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಅದರಲ್ಲಿ ನರಕೋಶಗಳೇ ಇರಲಿಲ್ಲ.

ಗರ್ಭದಲ್ಲಿ ಈ ಕೋಶಗಳು ಬಾಯಿಯ ಕಡೆಯಿಂದ ಹೊರಟು ಕರುಳಿನುದ್ದಕ್ಕೂ ಕೆಳಕ್ಕೆ ಇಳಿಯಬೇಕು. ಕೆಲವು ಮಕ್ಕಳಲ್ಲಿ ಅವು ಗುದದವರೆಗೆ ತಲುಪದೆ ನಡುವೆಯೇ ನಿಲ್ಲುತ್ತವೆ. ಹೆಚ್ಚಿನವರಲ್ಲಿ ಕೊರತೆ ಕೊನೆಯ ಗೇಣಿನಷ್ಟು ಉದ್ದಕ್ಕೆ ಮಾತ್ರ. ಕೋಶಗಳಿಲ್ಲದ ಆ ಭಾಗಕ್ಕೆ ಸಡಿಲಗೊಳ್ಳುವುದೇ ಗೊತ್ತಿಲ್ಲ. ಅದು ಸದಾ ಬಿಗಿದೇ ಇರುತ್ತದೆ, ಮೇಲಿನ ಆರೋಗ್ಯವಂತ ಕರುಳು ದೂಡಿ ದೂಡಿ ಉಬ್ಬುತ್ತದೆ. ಸ್ವೆನ್ಸನ್ ಮೊದಲು ನಾಯಿಗಳ ಮೇಲೆ ಅಭ್ಯಾಸ ಮಾಡಿದರು. ಬಳಿಕ ಮಕ್ಕಳಲ್ಲಿ ಆ ಕೆಟ್ಟ ತುಂಡನ್ನು ತೆಗೆದು, ಒಳ್ಳೆಯ ಕರುಳನ್ನು ಕೆಳಕ್ಕೆ ಎಳೆದು, ಮಲ ತಡೆಯುವ ಸ್ನಾಯುವನ್ನು ಉಳಿಸಿ ಗುದಕ್ಕೆ ಜೋಡಿಸಿದರು. ಅಲೆಕ್ಸಾಂಡರ್ ಬಿಲ್ ಜೊತೆ ಅವರು ಈ ವಿಧಾನವನ್ನು ಪ್ರಕಟಿಸಿದ್ದು 1948ರಲ್ಲಿ.

ಮಕ್ಕಳ ಶಸ್ತ್ರಚಿಕಿತ್ಸಕರು ಸಂಘ ಕಟ್ಟಿಕೊಳ್ಳತೊಡಗಿದ್ದೂ ಆ ದಿನಗಳಲ್ಲೇ. ಬ್ರಿಟನ್ನಿನ ಸಂಘ 1953ರಲ್ಲಿ ಹುಟ್ಟಿತು, ಡೆನಿಸ್ ಬ್ರೌನ್ ಅದರ ಮೊದಲ ಅಧ್ಯಕ್ಷರು. ನಮ್ಮಲ್ಲಿ 1965ರಲ್ಲಿ ಭಾರತೀಯ ಶಸ್ತ್ರಚಿಕಿತ್ಸಕರ ಸಂಘದ ಒಂದು ವಿಭಾಗವಾಗಿ ಮಕ್ಕಳ ಶಸ್ತ್ರಚಿಕಿತ್ಸಕರು ಸೇರಿದರು. ಇಂದಿನ ಭಾರತೀಯ ಮಕ್ಕಳ ಶಸ್ತ್ರಚಿಕಿತ್ಸಕರ ಸಂಘದ ಆರಂಭ ಅದು. ಸಮ್ಮೇಳನವೆಂದರೆ ಹಾರ, ಭಾಷಣ, ಫೋಟೊ ಎಂದು ಭಾವಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಂಥ ಅಪರೂಪದ ರೋಗದಲ್ಲಿ ಒಬ್ಬ ಸರ್ಜನ್ ತನ್ನೂರಿನಲ್ಲಿ ಕಾಣುವ ಮಕ್ಕಳು ಕೆಲವರೇ. ಹತ್ತಾರು ಊರಿನವರು ಒಂದೆಡೆ ಕುಳಿತು ಎಲ್ಲಿ ಹೊಲಿಗೆ ಬಿಟ್ಟಿತು, ಯಾವ ಮಗುವಿಗೆ ಮಲ ತಡೆಯಲಾಗಲಿಲ್ಲ ಎಂದು ಹೇಳಿಕೊಂಡರೆ ಮಾತ್ರ ಅನುಭವ ಬೆಳೆಯುತ್ತದೆ. ಫ್ರಾನ್ಸಿನ ದ್ಯುಹಾಮೆಲ್ 1956ರಲ್ಲಿ, ಆಮೇಲೆ ಇಟಲಿಯ ಸೊಆವೆ ಶಸ್ತ್ರಚಿಕಿತ್ಸೆಯನ್ನು ಮಾರ್ಪಡಿಸಿದರು. 1969ರಲ್ಲಿ ಮೆಲ್ಬರ್ನ್‌ನ ಹೆಲೆನ್ ನೋಬ್ಲೆಟ್ ಒಂದು ಹೀರುಕೊಳವೆ ರೂಪಿಸಿದರು. ಗುದದ್ವಾರದ ಮೇಲ್ಭಾಗದಲ್ಲಿ ನೋವು ತಿಳಿಯದ ಒಳಪದರವಿದೆ. ಅಲ್ಲಿಂದ ಸೂಕ್ಷ್ಮದರ್ಶಕದ ಪರೀಕ್ಷೆಗೆ ಬೇಕಾದ ಕೆಲವೇ ಮಿಲಿಮೀಟರಿನ ತುಣುಕನ್ನು ಅರಿವಳಿಕೆ ಇಲ್ಲದೆ ತೆಗೆಯಬಹುದಾಯಿತು. ಹೊಟ್ಟೆ ಕೊಯ್ಯದೆ ಗುದದ ಮೂಲಕವೇ ಇಡೀ ಕೆಲಸ ಮುಗಿಸುವ ವಿಧಾನವನ್ನು 1998ರಲ್ಲಿ ಮೆಕ್ಸಿಕೊದ ದೆ ಲಾ ತೊರೆ ಮತ್ತು ಒರ್ತೇಗಾ ಪ್ರಕಟಿಸಿದರು. ಬೇಗ ಪತ್ತೆಯಾದ ಎಷ್ಟೋ ಮಕ್ಕಳಿಗೆ ಈಗ ಒಂದೇ ಶಸ್ತ್ರಚಿಕಿತ್ಸೆ ಸಾಕು, ಹೊಟ್ಟೆಯ ಮೇಲೆ ಗಾಯದ ಗೆರೆಯೂ ಉಳಿಯುವುದಿಲ್ಲ.

ಬೇಗ ಪತ್ತೆಯಾದರೆ ಎಂಬ ಷರತ್ತು ಮಾತ್ರ ಬಲು ದೊಡ್ಡದು. ತಿಂಗಳುಗಟ್ಟಲೆ ತಡವಾದ ಮಗುವಿನ ಕರುಳು ಎಷ್ಟು ಹಿಗ್ಗಿರುತ್ತದೆಂದರೆ ಮೊದಲು ಕೊಲಾಸ್ಟಮಿ, ಕರುಳು ಕುಗ್ಗಿದ ಮೇಲೆ ದೊಡ್ಡ ಶಸ್ತ್ರಚಿಕಿತ್ಸೆ, ಕೊನೆಗೆ ದಾರಿ ಮುಚ್ಚುವುದು, ಹೀಗೆ ಮೂರು ಸಲ ಮಲಗಬೇಕಾಗುತ್ತದೆ. ಈ ನಡುವಿನ ತಿಂಗಳುಗಳಲ್ಲಿ ಮಲ ಸಂಗ್ರಹಿಸುವ ಚೀಲ ಕೊಳ್ಳಲಾಗದ ತಾಯಂದಿರು ಹಳೆಯ ಹತ್ತಿ ಸೀರೆಯ ತುಂಡನ್ನು ಮಡಚಿ ಮಗುವಿನ ಹೊಟ್ಟೆಗೆ ಕಟ್ಟುತ್ತಾರೆ, ದಿನಕ್ಕೆ ಹಲವು ಸಲ ಒಗೆದು ಒಣಹಾಕುತ್ತಾರೆ. ಇದಕ್ಕಿಂತ ಕೆಟ್ಟದ್ದು, ಕರುಳು ಕಟ್ಟಿ ಒಳಗೇ ಸೋಂಕು ಏರುವುದು. ಮಗುವಿನ ಜೀವ ತೆಗೆಯುವುದು ಅದೇ.

ನಮ್ಮ ಚಿತ್ರದುರ್ಗ ಜಿಲ್ಲೆಯಿಂದ ಚಿಕಿತ್ಸೆಗೆ ದಾರಿ ಇದೆ. ಚಿತ್ರದುರ್ಗದಿಂದ ದಾವಣಗೆರೆ ಹತ್ತಿರ, ಅಲ್ಲಿ ಬಾಪೂಜಿ ಮಕ್ಕಳ ಆಸ್ಪತ್ರೆಯಿದೆ. ಬೆಂಗಳೂರಿಗೆ ಹೆದ್ದಾರಿಯಿದೆ, ಅಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿಗೆ ಹೆಸರು ಕೊಟ್ಟ ಮಹಾರಾಣಿ ವಾಣಿವಿಲಾಸರ ಹೆಸರಿನದೇ ತಾಯಿ–ಮಕ್ಕಳ ಆಸ್ಪತ್ರೆಯೂ ಬೆಂಗಳೂರಿನಲ್ಲೇ 1935ರಿಂದ ಇದೆ. ಕೊರತೆ ಇರುವುದು ಮೊದಲ ದಿನದಲ್ಲಿ. ದಿನ ತುಂಬಿ ಹುಟ್ಟಿದ ಹೆಚ್ಚಿನ ಮಕ್ಕಳು 24 ಗಂಟೆಯೊಳಗೆ, ಬಹುತೇಕ ಎಲ್ಲರೂ 48 ಗಂಟೆಯೊಳಗೆ ಕಪ್ಪಗೆ ಅಂಟಂಟಾದ ಮೊದಲ ಕಕ್ಕ ಮಾಡುತ್ತಾರೆ. ಈ ರೋಗದ ಮಕ್ಕಳಲ್ಲಿ ಅದು ತಡವಾಗುವುದೇ ಹೆಚ್ಚು. ಆ ಹೊತ್ತನ್ನು ಗಮನಿಸಿ ಬರೆದಿಡಲು ಯಾವ ಯಂತ್ರವೂ ಬೇಡ.

2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಒಂಬತ್ತು ಜನ್ಮದೋಷಗಳನ್ನು ಹೆಸರಿಸಿದೆ. ಸೀಳುತುಟಿ, ಸೊಟ್ಟಪಾದ, ಹೃದಯದ ದೋಷ ಅದರಲ್ಲಿವೆ, ಹಿರ್ಷ್‌ಸ್ಪ್ರುಂಗ್ ಇಲ್ಲ. ಅದನ್ನು ಸೇರಿಸಬೇಕು ಎಂಬುದು ನನ್ನ ಬೇಡಿಕೆ. ಸೇರುವವರೆಗೂ ಕಾಯಬೇಕಿಲ್ಲ: ಹೆರಿಗೆ ವಾರ್ಡಿನ ನರ್ಸ್ ಮನೆಗೆ ಕಳಿಸುವ ಮುನ್ನ, ಆಶಾ ಕಾರ್ಯಕರ್ತೆ ಮೂರನೇ ದಿನ ಮನೆಗೆ ಬಂದಾಗ, ‘ಮಗು ಮೊದಲ ಸಲ ಕಕ್ಕ ಮಾಡಿದ್ದು ಯಾವಾಗವ್ವ?’ ಎಂದು ಕೇಳಿದರೆ ಆಯಿತು. ಎರಡನೇ ದಿನವೂ ಆಗಿಲ್ಲವೆಂದರೆ, ಅಥವಾ ಹೊಟ್ಟೆ ಉಬ್ಬಿ ಹಸಿರು ವಾಂತಿ ಶುರುವಾದರೆ, ಮಗುವನ್ನು ಅದೇ ದಿನ ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ ಸಾಗಿಸಬೇಕು. 108ಕ್ಕೆ ಕರೆ ಮಾಡಿ. ತಾಯಿ ಕಾರ್ಡ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್ ಜೊತೆಗಿರಲಿ.