ಓಲೆಯ ಹೊಣೆ

ಅಂಚೆಯ ಪೆಟ್ಟಿಗೆಗೆ ಕಾಗದವನ್ನು ಹಾಕಿದವನು ಅದರ ಮುಂದೆ ಕಾಯುತ್ತ ನಿಲ್ಲುವುದಿಲ್ಲ. ಮನೆಗೆ ಮರಳಿ ತನ್ನ ಕೆಲಸದಲ್ಲಿ ತೊಡಗುತ್ತಾನೆ. ಕಾಗದವು ಹೊಳೆ ದಾಟಿ, ಘಟ್ಟ ಹತ್ತಿ ವಿಳಾಸದಾರನ ಕೈಸೇರುವ ಹೊಣೆ ಅಂಚೆಯವರದು. ದೂರವಾಣಿಯ ಸಂಗತಿ ಹಾಗಲ್ಲ. ಅತ್ತ ಕಡೆಯವರು ಓಗೊಡದಿದ್ದರೆ ಇತ್ತ ಕಡೆಯವರ ಮಾತು ಗಂಟಲಲ್ಲಿಯೇ ಉಳಿಯುತ್ತದೆ. ಗಣಕಯಂತ್ರಗಳ ಲೋಕದಲ್ಲಿಯೂ ಸುದ್ದಿಯನ್ನು ಮುಟ್ಟಿಸಲು ಈ ಎರಡು ಬಗೆಗಳುಂಟು. ಒಪ್ಪಿಸಿ ಹೊರಟುಬಿಡುವ ಬಗೆಗೆ ತಂತ್ರಜ್ಞರು ಅಸಮಕಾಲಿಕ ರವಾನೆ ಎನ್ನುತ್ತಾರೆ. ಹೆಸರು ಬಿಗಿಯಾದರೂ ಅರ್ಥ ಸರಳವಾದುದು.

ಹೀಗೆ ಒಪ್ಪಿಸಿಕೊಳ್ಳುವ ಗಣಕಯಂತ್ರವೇ ಸರ್ವರ್. ಅದು ಹಗಲಿರುಳೂ ತೆರೆದಿದ್ದು ಬೇರೆ ಯಂತ್ರಗಳಿಗೆ ಸೇವೆಯನ್ನು ಒದಗಿಸುತ್ತದೆ. ಇ-ಮೇಲ್ ಎಂಬ ಮಿಂಚಿನ ಅಂಚೆ ನಡೆಯುವುದು ಇಂತಹ ಸರ್ವರುಗಳಿಂದಲೇ. ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್‌ಸನ್ ಅವರು 1971ರಲ್ಲಿ ಅರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಲೆ ಕಳುಹಿಸಿದರು. ಆ ಯಂತ್ರಗಳೆರಡೂ ಅಕ್ಕಪಕ್ಕದಲ್ಲಿಯೇ ಇದ್ದವೆಂಬುದು ಸೋಜಿಗದ ಸಂಗತಿ! ಯಂತ್ರಗಳು ಹೆಚ್ಚಿದಂತೆಲ್ಲ ಕಟ್ಟುಪಾಡು ಬೇಕಾಯಿತು. 1982ರಲ್ಲಿ ಜಾನ್ ಪೋಸ್ಟೆಲ್ ಅವರು ಓಲೆಗಳ ರವಾನೆಗೆ ಒಂದು ನಿಯಮಾವಳಿಯನ್ನು ಬರೆದರು. ಅದು 2008ರಲ್ಲಿ ಪರಿಷ್ಕಾರಗೊಂಡಿತು. ಮೂಲದ ಹಂದರ ಮಾತ್ರ ಹಾಗೆಯೇ ಉಳಿದಿದೆ.

ಆ ನಿಯಮಾವಳಿಯ ಜೀವಾಳವಿರುವುದು ಒಂದು ಚಿಕ್ಕ ಉತ್ತರದಲ್ಲಿ. ಕಳುಹಿಸುವ ಯಂತ್ರವು ಓಲೆಯ ಸಾಲುಗಳನ್ನೆಲ್ಲ ಒಪ್ಪಿಸಿ, ಕೊನೆಗೆ ಒಂದು ಚುಕ್ಕೆಯನ್ನಷ್ಟೇ ಹೊತ್ತ ಸಾಲನ್ನು ಕಳುಹಿಸುತ್ತದೆ. ಓಲೆ ಮುಗಿಯಿತೆಂಬುದಕ್ಕೆ ಅದೇ ಗುರುತು. ಸ್ವೀಕರಿಸುವ ಸರ್ವರ್ 250 ಎಂಬ ಸಂಖ್ಯೆಯಿಂದ ಉತ್ತರಿಸುತ್ತದೆ. ಈ ಸಂಖ್ಯೆಯ ಅರ್ಥ ಕೇವಲ 'ಕೇಳಿಸಿತು' ಎಂದಲ್ಲ, 'ಇನ್ನು ಇದರ ಹೊಣೆ ನನ್ನದು' ಎಂದು. ಅನಂತರ ವಿದ್ಯುತ್ತು ಹೋಯಿತು, ಯಂತ್ರ ಕೆಟ್ಟಿತು ಎಂಬ ನೆಪ ಹೇಳಿ ಓಲೆಯನ್ನು ಕಳೆಯುವಂತಿಲ್ಲ. ಆದುದರಿಂದ ಜಾಗರೂಕವಾದ ಸರ್ವರ್ ಮೊದಲು ಓಲೆಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಆಮೇಲೆಯೇ 250 ಎನ್ನುತ್ತದೆ. ಪರೀಕ್ಷೆಯ ಫಲಿತಾಂಶ, ಕೆಲಸದ ಸಂದರ್ಶನದ ಕರೆ, ಬ್ಯಾಂಕಿನ ಲೆಕ್ಕ ಮೊದಲಾದವು ಈ ದಾರಿಯಲ್ಲಿ ಸಾಗುವಾಗ ಈ ಎಚ್ಚರಿಕೆಯ ಬೆಲೆ ತಿಳಿಯುತ್ತದೆ.

ಉತ್ತರ ಯಾವಾಗಲೂ 250 ಆಗಿರುವುದಿಲ್ಲ. ಸಂಖ್ಯೆಯು 4ರಿಂದ ಆರಂಭವಾದರೆ ತೊಡಕು ತಾತ್ಕಾಲಿಕ; ಓಲೆಯು ಸರತಿಯ ಸಾಲಿನಲ್ಲಿ ಕಾಯುತ್ತದೆ. 5ರಿಂದ ಆರಂಭವಾದರೆ ನಿರಾಕರಣೆ ಖಂಡಿತ; ಮತ್ತೆ ಬಾಗಿಲು ತಟ್ಟುವುದು ವ್ಯರ್ಥ. ಕೆಲವೊಮ್ಮೆ ಅತ್ತಲಿಂದ ಸದ್ದೇ ಇರುವುದಿಲ್ಲ. ಆಗ ಎಷ್ಟು ಹೊತ್ತು ಕಾಯಬೇಕು? ಎಷ್ಟು ಸಲ ಯತ್ನಿಸಬೇಕು? ಇದನ್ನು ಸರ್ವರ್ ತಾನೇ ಯೋಚಿಸಿ ತೀರ್ಮಾನಿಸಲಾರದು. ಅದನ್ನು ಅಣಿಗೊಳಿಸುವ ಮನುಷ್ಯನು ಮುಂಚಿತವಾಗಿ ಬರೆದಿಡಬೇಕು. ಒಂದು ಯತ್ನ ವಿಫಲವಾದ ಮೇಲೆ ಸಾಮಾನ್ಯವಾಗಿ 30 ನಿಮಿಷಗಳಾದರೂ ಬಿಡುವು ಕೊಡಬೇಕೆಂದೂ, ಕೈಚೆಲ್ಲುವ ಮುನ್ನ ನಾಲ್ಕೈದು ದಿನಗಳಾದರೂ ಯತ್ನಿಸಬೇಕೆಂದೂ ನಿಯಮಾವಳಿ ಸೂಚಿಸುತ್ತದೆ. ಅವಸರಗೊಂಡವನು 30 ನಿಮಿಷಗಳ ಬದಲು 30 ಸೆಕೆಂಡುಗಳೆಂದು ಬರೆದರೆ ಆಗುವುದೇನು? ಕೆಟ್ಟು ನಿಂತು ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಯಂತ್ರದ ಮೇಲೆ ಓಲೆಗಳ ಮಳೆಯೇ ಸುರಿದು ಅದು ಮತ್ತೆ ಕುಸಿಯಬಹುದು. ಜ್ವರ ಬಿಟ್ಟವನಿಗೆ ಹೊಟ್ಟೆ ಬಿರಿಯ ಉಣಿಸಿದಂತೆ! ನಾಲ್ಕೈದು ದಿನಗಳ ಬದಲು ಒಂದೇ ಗಂಟೆಯೆಂದು ಬರೆದರೆ, ರಾತ್ರಿಯ ಹೊತ್ತು ಕೆಟ್ಟ ಯಂತ್ರವನ್ನು ಬೆಳಗ್ಗೆ ಸರಿಪಡಿಸುವಷ್ಟರಲ್ಲಿ ಓಲೆಗಳೆಲ್ಲ ಹಿಂದಿರುಗಿರುತ್ತವೆ.

ಗಡುವು ತೀರಿದಾಗ ಸರ್ವರ್ ಸುಮ್ಮನಿರುವಂತಿಲ್ಲ. 'ನಿಮ್ಮ ಓಲೆ ತಲುಪಲಿಲ್ಲ' ಎಂದು ಕಳುಹಿಸಿದವರಿಗೆ ಸೂಚನೆ ಕೊಡಬೇಕು. ಈ ಸೂಚನೆಯೂ ಒಂದು ಓಲೆಯೇ. ಅದೂ ತಲುಪದಿದ್ದರೆ ಅದರ ಸೂಚನೆ, ಅದಕ್ಕೊಂದು ಸೂಚನೆ ಎಂದು ಎರಡು ಯಂತ್ರಗಳು ಕೊನೆಯಿಲ್ಲದೆ ಪರಸ್ಪರ ಬರೆಯುತ್ತ ಕೂರಬಹುದು. ಇದಕ್ಕೆ ಕಂಡುಕೊಂಡ ಉಪಾಯ ಬಲು ಸೊಗಸಾದುದು. ಇಂತಹ ಸೂಚನೆಯ ಲಕೋಟೆಯಲ್ಲಿ ಕಳುಹಿಸಿದವರ ವಿಳಾಸದ ಜಾಗವನ್ನು ಬರಿದಾಗಿ ಬಿಡುತ್ತಾರೆ. ಹಿಂದಿರುಗಿಸಲು ವಿಳಾಸವೇ ಇಲ್ಲದ ಮೇಲೆ ಸುತ್ತು ಅಲ್ಲಿಗೇ ತುಂಡಾಗುತ್ತದೆ.

ಇನ್ನೊಂದು ತೊಡಕು ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಸರ್ವರ್ ಓಲೆಯನ್ನು ಸ್ವೀಕರಿಸಿ 250 ಎಂದಿತು. ಆ ಉತ್ತರವೇ ದಾರಿಯಲ್ಲಿ ಕಳೆದುಹೋಯಿತು ಎಂದಿಟ್ಟುಕೊಳ್ಳಬಹುದು. ಕಳುಹಿಸಿದ ಯಂತ್ರಕ್ಕೆ ಓಲೆ ತಲುಪಿತೋ ಇಲ್ಲವೋ ತಿಳಿಯದು. ಅದು ಮತ್ತೆ ಕಳುಹಿಸುತ್ತದೆ. ಪಡೆಯುವವರಿಗೆ ಒಂದೇ ಓಲೆ ಎರಡು ಸಲ ಬರುತ್ತದೆ. ಸ್ವೀಕರಿಸುವ ಯಂತ್ರವು ಉತ್ತರಿಸಲು ತಡಮಾಡಿದರೂ ಫಲ ಇದೇ. ಕ್ರೇಗ್ ಪಾರ್ಟ್ರಿಜ್ ಅವರು 1988ರಲ್ಲಿ ಈ ತೊಡಕನ್ನು ಕುರಿತೇ ಒಂದು ಟಿಪ್ಪಣಿಯನ್ನು ಬರೆದರು. ಕೊನೆಯ ಚುಕ್ಕೆಯನ್ನು ಪಡೆದ ಸರ್ವರ್ ಬೇರೆ ಕೆಲಸಗಳನ್ನು ಬದಿಗಿಟ್ಟು ಬೇಗನೆ ಉತ್ತರಿಸಬೇಕೆಂಬುದು ಅದರ ತಿರುಳು. ಕಳುಹಿಸುವ ಯಂತ್ರವು ಆ ಉತ್ತರಕ್ಕಾಗಿ 10 ನಿಮಿಷಗಳಷ್ಟು ದೀರ್ಘಕಾಲ ಕಾಯಬೇಕೆಂದು ಈಗಿನ ನಿಯಮ ಹೇಳುವುದಕ್ಕೂ ಕಾರಣ ಇದೇ.

ಇಷ್ಟಾದರೂ ಸಂದೇಹ ಪೂರ್ಣವಾಗಿ ಅಳಿಯುವುದಿಲ್ಲ. ಓಲೆ ಕಳೆದುಹೋಗುವುದೋ, ಎರಡು ಸಲ ಬರುವುದೋ, ಎರಡರಲ್ಲಿ ಒಂದನ್ನು ಸಹಿಸಲೇಬೇಕು. ನಿಯಮಾವಳಿಯನ್ನು ರಚಿಸಿದವರು ಎರಡನೆಯದನ್ನು ಆರಿಸಿಕೊಂಡರು. ಸಂದರ್ಶನದ ಕರೆ ಎರಡು ಸಲ ಬಂದರೆ ಯಾರೂ ಕೆಡುವುದಿಲ್ಲ. ಒಮ್ಮೆಯೂ ಬಾರದಿದ್ದರೆ ಒಬ್ಬನ ಬದುಕಿನ ದಾರಿಯೇ ತಪ್ಪಬಹುದು. ಪ್ರತಿಯೊಂದು ಓಲೆಯ ತಲೆಬರಹದಲ್ಲಿ ಅದಕ್ಕೇ ಮೀಸಲಾದ ಒಂದು ಗುರುತನ್ನು ಬರೆಯುವ ವಾಡಿಕೆಯಿದೆ. ಒಂದೇ ಗುರುತಿನ ಎರಡು ಓಲೆಗಳನ್ನು ಕಂಡರೆ, ಪಡೆಯುವ ಕಡೆಯ ಯಂತ್ರವು ಎರಡನೆಯದನ್ನು ತಾನಾಗಿಯೇ ಬದಿಗಿಡಬಲ್ಲದು.